ಹಸಿ ಗೋಡೆಯ ಮೇಲೆ ತೊಲೆ ಇಡಬೇಡಿ

ಮಳೆ ನಿಂತು ಎರೆಹೊಲ ಬಿರುಕು ಬಿಡಲು ಶುರುವಾದರೆ ನನ್ನ ಜಿಮ್‌ಗೆ ಎರಡು ಥರದ ಹುಡುಗರು ಬರುತ್ತಾರೆ. ಒಂದು, ರೇಸಿಗೆ ತಯಾರಾಗಲು ಬರುವವರು. ಇನ್ನೊಂದು, ಕೊರಳಿಗೆ ಜೋಲಿ ಹಾಕಿ ಕೈ ತೂಗುಬಿಟ್ಟುಕೊಂಡು ಬರುವವರು. ಹೆಚ್ಚಿನ ಸಲ ಇಬ್ಬರೂ ಒಬ್ಬನೇ ಹುಡುಗ. ನಡುವೆ ಒಂದು ತಿಂಗಳು ಕಳೆದಿರುತ್ತದೆ, ಅಷ್ಟೇ.

ಹೋದ ತಿಂಗಳು ಇಲ್ಲಿ ಮೋಟೊಕ್ರಾಸ್, ಅಂದರೆ ಮಣ್ಣಿನ ದಾರಿಯಲ್ಲಿ ದಿಬ್ಬ ಹಾರಿಸಿ ಓಡಿಸುವ ಬೈಕ್ ರೇಸಿನ ಬಗ್ಗೆ ನಾಲ್ಕು ಸಾಲು ಬರೆದಿದ್ದಕ್ಕೆ ಬಂದ ಪತ್ರಗಳು ಚಹಾದ ಕಪ್ಪಿನ ಕೆಳಗೆ, ರಿಜಿಸ್ಟರ್ ಒಳಗೆ, ಎಲ್ಲೆಲ್ಲೂ ಇವೆ. ಕೈಗೆ ಸಿಕ್ಕವಕ್ಕೆ ಈ ಸಲ ಉತ್ತರ. ನಾನು ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಹಳೇ ಹುಬ್ಬಳ್ಳಿಯ ಪೈಲ್ವಾನರ ಮಗ. ತೊಂಬತ್ತರ ದಶಕದಲ್ಲಿ ಯಮಹಾ ಆರ್‌ಎಕ್ಸ್ 100ರ ಮಡ್‌ಗಾರ್ಡ್ ಕಿತ್ತು, ಮಣ್ಣಲ್ಲಿ ಓಡಿಸಿ, ಚೆನ್ನಾಗಿಯೇ ಬಿದ್ದವನು. ಎಲುಬಿನ ವಿಷಯದಲ್ಲಿ ಡಾಕ್ಟರ್, ಫಿಸಿಯೊ ಹೇಳಿದ್ದೇ ಕೊನೆ. ಅಲ್ಲಿಂದ ಬೈಕಿನವರೆಗಿನ ದಾರಿಯ ಬಗ್ಗೆ ಮಾತ್ರ ನನ್ನ ಮಾತು.

ಮೂರನೇ ಲ್ಯಾಪಿಗೇ ಮುಂಗೈ ಕಲ್ಲಿನ ಹಾಗೆ ಆಗುತ್ತದೆ. ಬೆರಳು ಬಿಚ್ಚಲು ಆಗಲ್ಲ, ಬ್ರೇಕ್ ಹಿಡಿದದ್ದೇ ಗೊತ್ತಾಗಲ್ಲ. ಬಲ ಬರಲಿ ಅಂತ ಡಂಬೆಲ್ ಹಿಡಿದು ಮಣಿಕಟ್ಟು ಮಡಿಸುವ ರಿಸ್ಟ್ ಕರ್ಲ್ ದಿನಾ 200 ಹೊಡೆಯುತ್ತಿದ್ದೇನೆ. ಇನ್ನೂ ಜಾಸ್ತಿಯಾಗುತ್ತಿದೆ. ಯಾಕೆ ಕಾಕಾ? — 22 ವರ್ಷದ ಸವಾರ, ಬ್ಯಾಡಗಿ

ತಮ್ಮಾ, ಮೊದಲು ಆ ಡಂಬೆಲ್ ಕೆಳಗಿಡು.

ಇದಕ್ಕೆ ಆರ್ಮ್ ಪಂಪ್ ಅನ್ನುತ್ತಾರೆ. ಮುಂಗೈ ಸ್ನಾಯುಗಳ ಸುತ್ತ ಒಂದು ಪೊರೆ ಇದೆ. ಅದು ಸುಲಭಕ್ಕೆ ಹಿಗ್ಗುವುದಿಲ್ಲ. ಹ್ಯಾಂಡಲ್ ಬಿಗಿ ಹಿಡಿದೇ ಇದ್ದರೆ ಒಳಗೆ ಬಂದ ರಕ್ತಕ್ಕೆ ವಾಪಸ್ ಹೋಗಲು ದಾರಿ ಸಾಲುವುದಿಲ್ಲ. ಸ್ನಾಯು ಊದುತ್ತದೆ, ಪೊರೆ ಜಾಗ ಬಿಡುವುದಿಲ್ಲ. ಅವ್ವ ಮಡಿಕೆಕಾಳು ನೆನೆಸಿ ಅರಿವೆಯಲ್ಲಿ ಗಂಟು ಕಟ್ಟಿಟ್ಟಿದ್ದು ನೋಡಿದ್ದೀಯಲ್ಲ? ಬಿಗಿಯಾಗಿ ಕಟ್ಟಿದ್ದರೆ ಬೆಳಿಗ್ಗೆ ಹೊತ್ತಿಗೆ ಗಂಟು ಕಲ್ಲಾಗಿರುತ್ತದೆ. ನೀನು ದಿನಾ 200 ಸಲ ಅದೇ ಗಂಟಿಗೆ ಇನ್ನಷ್ಟು ಕಾಳು ತುರುಕುತ್ತಿದ್ದೀಯ.

ಕೈಯದು ಏನೂ ತಪ್ಪಿಲ್ಲ. ತಪ್ಪು ಕಾಲಿನದು. ನೀನು ಹಾವೇರಿ ಜಿಲ್ಲೆಯವನು, ಹೋರಿ ಹಬ್ಬ ನೋಡದೆ ಬೆಳೆದಿರಲ್ಲ. ಓಡುವ ಹೋರಿಗೆ ಕಟ್ಟಿದ ಕೊಬ್ಬರಿ ಹರಿಯಲು ಹೋಗುವವನ ಕೈಯನ್ನೇ ಜನ ನೋಡುತ್ತಾರೆ. ಮುಂದಿನ ಸಲ ಅವನ ಕಾಲು ನೋಡು. ಕಾಲು ಊರಿದವನು ಒಂದು ಗಳಿಗೆಯಾದರೂ ನಿಲ್ಲುತ್ತಾನೆ. ಕಾಲು ಜಾರಿದವನು ಕೈಯಲ್ಲಿ ಎಷ್ಟು ಬಲವಿದ್ದರೂ ಧೂಳಿನಲ್ಲಿ ಬಿದ್ದಿರುತ್ತಾನೆ. ಬೈಕಿನ ಮೇಲೂ ಅಷ್ಟೇ. ಫುಟ್‌ಪೆಗ್, ಅಂದರೆ ಕಾಲಿಡುವ ಕಡ್ಡಿಯ ಮೇಲೆ ನಿಂತು, ಮೊಣಕಾಲಿನಿಂದ ಟ್ಯಾಂಕು ಅಮುಕಿ, ಸೊಂಟದಿಂದ ಮುಂದಕ್ಕೆ ಬಾಗಿದರೆ ಬೈಕು ಕಾಲಿನ ಹಿಡಿತದಲ್ಲಿರುತ್ತದೆ. ಹಾಗಾದಾಗ ಕೈಗಳಿಗೆ ಹ್ಯಾಂಡಲ್ ತಿರುಗಿಸುವುದೊಂದೇ ಕೆಲಸ. ಕಾಲು ಸೋತ ಕ್ಷಣ ಮೈಭಾರವೆಲ್ಲ ಕೈಗೆ ಬಂದು ಜೋತುಬೀಳುತ್ತದೆ. ಥ್ರಾಟಲ್ ಕೊಟ್ಟಾಗ ಮೈ ಹಿಂದಕ್ಕೆ ಎಳೆಯುತ್ತದೆ, ನೀನು ಗ್ರಿಪ್ ಹಿಡಿದು ನೇತಾಡುತ್ತೀಯ. ಮೂರನೇ ಲ್ಯಾಪಿನಲ್ಲಿ ಮೊದಲು ಸೋಲುವುದು ತೊಡೆ. ನಿನಗೆ ಗೊತ್ತಾಗುವುದು ಮಾತ್ರ ಮುಂಗೈ.

ನಂಬಿಕೆ ಬರಲಿಲ್ಲ ಅಂದರೆ ಒಂದು ಪರೀಕ್ಷೆ ಮಾಡು. ಬೈಕನ್ನು ಸ್ಟ್ಯಾಂಡಿಗೆ ಹಾಕಿ ಪೆಗ್ ಮೇಲೆ ನಿಲ್ಲು. ರೇಸಿನಲ್ಲಿ ಬಾಗುವಷ್ಟೇ ಬಾಗು. ಈಗ ಎರಡೂ ಕೈ ಬಿಡು. ಎರಡು ನಿಮಿಷ ಹಾಗೆಯೇ ನಿಲ್ಲಲು ಆಗುತ್ತದಾ? ನನ್ನ ಜಿಮ್‌ಗೆ ಮೊದಲ ದಿನ ಬರುವ ಹುಡುಗರಲ್ಲಿ ಹೆಚ್ಚಿನವರು ನಲವತ್ತು ಸೆಕೆಂಡಿಗೇ ತೊಡೆ ನಡುಗಿ ಹ್ಯಾಂಡಲ್ ಹಿಡಿಯುತ್ತಾರೆ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂದು ಮೋಟೊ, ಅಂದರೆ ಒಂದು ಸಲದ ರೇಸ್, 30 ನಿಮಿಷ, ಅದರ ಮೇಲೆ 2 ಲ್ಯಾಪ್. ಅಷ್ಟು ಹೊತ್ತೂ ಹೃದಯದ ಬಡಿತ ಅದರ ಗರಿಷ್ಠದ 90 ಶೇಕಡಾ ಆಸುಪಾಸಿನಲ್ಲೇ ಇರುತ್ತದೆ. ಕೂತು ಓಡಿಸುವ ಆಟ, ಎಂಜಿನ್ನೇ ಎಲ್ಲ ಮಾಡುತ್ತೆ ಅನ್ನುವವರಿಗೆ ಈ ಲೆಕ್ಕ ಹೇಳು.

ಹಾಗಾದರೆ ಏನು ಮಾಡಬೇಕು? ವಾರಕ್ಕೆ ಎರಡು ದಿನ ಸಾಕು, ರೇಸ್ ಇಲ್ಲದ ವಾರಗಳಲ್ಲಿ ಮೂರು. ರಾಡು ಹಿಡಿದು ಸೊಂಟದಿಂದ ಬಾಗಿ ಏಳುವ ರೊಮೇನಿಯನ್ ಡೆಡ್‌ಲಿಫ್ಟ್. ಕೆಳಗೆ ಹೋದಾಗ ಮೂರು ಎಣಿಸಿ ಏಳುವ ಸ್ಕ್ವಾಟ್. ಎದೆಗೆ ಎಳೆಯುವ ರೋಯಿಂಗ್. ಒಂದೊಂದೂ ಐದರಿಂದ ಎಂಟು ಸಲ, ಮೂರು ಸುತ್ತು. ಇನ್ನೂ ಎರಡು ಸಲ ಎತ್ತಬಹುದಿತ್ತು ಅನ್ನುವಾಗಲೇ ಇಳಿಸಿಬಿಡು. ಕೊನೆಗೆ ಎರಡು ಮೊಣಕಾಲ ನಡುವೆ ಫುಟ್‌ಬಾಲ್ ಇಟ್ಟು ಅಮುಕಿ ಮೂವತ್ತು ಸೆಕೆಂಡ್ ಹಿಡಿ. ನೋಡಿದವರು ನಗುತ್ತಾರೆ, ನಗಲಿ. ಟ್ಯಾಂಕು ಹಿಡಿಯುವುದು ಒಳತೊಡೆಯೇ. ನಮ್ಮಲ್ಲಿ ಯಾರೂ ಅದಕ್ಕೆ ಕೆಲಸ ಕೊಡುವುದಿಲ್ಲ.

ಬೈಕನ್ನೂ ನೋಡು. ನಿಂತಾಗ ಮಣಿಕಟ್ಟು ನೇರ ಇರುವ ಹಾಗೆ ಕ್ಲಚ್, ಬ್ರೇಕ್ ಲಿವರ್‌ಗಳನ್ನು ಸ್ವಲ್ಪ ಕೆಳಗೆ ತಿರುಗಿಸು. ಕ್ಲಚ್ ಕೇಬಲ್‌ಗೆ ಎಣ್ಣೆ ಬಿಟ್ಟು ಎಷ್ಟು ದಿನವಾಯಿತು? ಲಿವರ್‌ಗೆ ಒಂದೇ ಬೆರಳು ಸಾಕು. ಜಂಪ್ ಬಂದಾಗ ಉಸಿರು ಕಟ್ಟಬೇಡ. ಹುಡುಗರು ಹೆಲ್ಮೆಟ್ ಒಳಗೆ ಹಲ್ಲು ಕಚ್ಚಿ ಉಸಿರು ಹಿಡಿದುಕೊಂಡೇ ಅರ್ಧ ಲ್ಯಾಪ್ ಓಡಿಸುತ್ತಾರೆ, ಅವರಿಗೆ ಅದು ಗೊತ್ತೂ ಇರುವುದಿಲ್ಲ.

ಇಷ್ಟೆಲ್ಲ ಮಾಡಿ ಎರಡು ಮೂರು ತಿಂಗಳಾದರೂ ಹೋಗದಿದ್ದರೆ, ಅಥವಾ ಬೈಕಿನಿಂದ ಇಳಿದ ಮೇಲೂ ಬೆರಳು ಜೋಮು ಹಿಡಿದೇ ಇದ್ದರೆ, ಎಲುಬು-ಕೀಲಿನ ಡಾಕ್ಟರಿಗೆ ತೋರಿಸು. ಕೆಲವರಿಗೆ ಆ ಪೊರೆಯನ್ನು ಬಿಡಿಸುವ ಆಪರೇಷನ್ ಬೇಕಾಗುತ್ತದೆ. ಆದರೆ ಅದು ಕೊನೆಯ ಮಾತು.

ಬೈಸೆಪ್ಸ್ ದೊಡ್ಡದಾದರೆ ಬೈಕ್ ಕಂಟ್ರೋಲ್ ಚೆನ್ನಾಗಿ ಸಿಗುತ್ತದಾ? — ಧಾರವಾಡ

ಇಲ್ಲ. ಅಂಗಿಯ ತೋಳು ಬಿಗಿಯಾಗುತ್ತದೆ.

ಮಗ ಬೈಕ್ ರೇಸಿನಲ್ಲಿ ಬಿದ್ದು ಎಡಗಡೆ ಕಾಲರ್ ಬೋನ್ ಮುರಿದುಕೊಂಡಿದ್ದಾನೆ. ಮೂರು ವಾರವಾಯಿತು. ಆಪರೇಷನ್ ಬೇಡ, ಜೋಲಿ ಸಾಕು ಅಂತ ದವಾಖಾನೆಯಲ್ಲಿ ಹೇಳಿದರು. ಊರಲ್ಲಿ ಎಲುಬಿಗೆ ಪಟ್ಟಿ ಕಟ್ಟುವವರಿದ್ದಾರೆ, ಅಲ್ಲಿಗೆ ಕರೆದೊಯ್ಯೋಣ ಅಂತ ಮಾವನವರು ಹಟ ಹಿಡಿದಿದ್ದಾರೆ. ಮಗನದು ಇನ್ನೊಂದು. ನೋವೇ ಇಲ್ಲ, ನಾಲ್ಕು ವಾರಕ್ಕೆ ಮತ್ತೊಂದು ರೇಸ್ ಇದೆ, ಹೋಗುತ್ತೇನೆ ಅನ್ನುತ್ತಾನೆ. ನಾನು ಯಾರ ಮಾತು ಕೇಳಲಿ? — ಒಬ್ಬ ತಾಯಿ, ಮುಂಡರಗಿ ತಾಲ್ಲೂಕು

ಅಕ್ಕಾರ, ಎಕ್ಸ್‌ರೇ ಮಾತು ಕೇಳಿ.

ನಿಮ್ಮ ಮಗ ಹೇಳುತ್ತಿರುವ ಮಾತು ನನಗೆ ಬಾಯಿಪಾಠ. 1996ರಲ್ಲಿ ನಾನೂ ಅದನ್ನೇ ಹೇಳಿದ್ದೆ. ನನ್ನದೂ ಎಡಗಡೆಯೇ. ಒಂದು ಮೂಲೆಯಲ್ಲಿ ಮುಂದಿನ ಗಾಲಿ ಜಾರಿ, ಭುಜ ನೆಲಕ್ಕೆ ಬಡಿದು, ಕಾಲರ್ ಬೋನ್ ನಡುಮಧ್ಯಕ್ಕೆ ಮುರಿಯಿತು. ಈ ಎಲುಬು ಹೆಚ್ಚಾಗಿ ಮುರಿಯುವುದೇ ಅಲ್ಲಿ. ಐದನೇ ವಾರಕ್ಕೆ ನೋವು ಹೋಯಿತು. ಆರನೇ ವಾರದ ಎಕ್ಸ್‌ರೇಗೆ ನಾನು ಹೋಗಲೇ ಇಲ್ಲ. ದುಡ್ಡು ಉಳಿಯಿತು ಅಂದುಕೊಂಡೆ. ಏಳನೇ ವಾರ ಬೈಕ್ ಹತ್ತಿದೆ. ಬಿದ್ದದ್ದು ಎಲ್ಲಿ ಗೊತ್ತಾ? ಟ್ರ್ಯಾಕಿನಲ್ಲಿ ಅಲ್ಲ. ಗಾಡಿ ನಿಲ್ಲಿಸುವಾಗ ಕಾಲು ಗುಳಿಯಲ್ಲಿ ಸಿಕ್ಕಿ, ನಿಂತಲ್ಲೇ ಪಕ್ಕಕ್ಕೆ ವಾಲಿದೆ. ಪಟ್ ಅಂತ ಶಬ್ದ ನನಗೇ ಕೇಳಿಸಿತು. ಅದೇ ಎಲುಬು, ಅದೇ ಜಾಗ.

ಅಪ್ಪ ಬಯ್ಯಲಿಲ್ಲ. ಹಾಸಿಗೆಯ ಪಕ್ಕ ಕೂತು ಒಂದೇ ಮಾತು ಕೇಳಿದರು. "ಹಸಿ ಗ್ವಾಡಿ ಮ್ಯಾಲ ತೊಲಿ ಇಡ್ತಾರೇನಲೇ?"

ಮಣ್ಣಿನ ಮನೆ ಕಟ್ಟಿದವರಿಗೆ ಇದು ಗೊತ್ತು. ಗೋಡೆ ಎದ್ದು ನಿಂತ ದಿನ ನೋಡಲು ಗೋಡೆಯೇ. ಮುಟ್ಟಿದರೆ ಗಟ್ಟಿಯೂ ಅನ್ನಿಸುತ್ತದೆ. ಒಳಗೆ ಹಸಿ ಇರುತ್ತದೆ. ಎಲುಬೂ ಹಾಗೆಯೇ ಕೂಡುತ್ತದೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರದಲ್ಲಿ ಅಲ್ಲೊಂದು ಮೆತ್ತನೆಯ ಗಂಟು ಬೆಳೆದು ಎರಡು ತುದಿಗಳನ್ನು ಹಿಡಿದುಕೊಳ್ಳುತ್ತದೆ. ತುದಿಗಳು ಅಲುಗಾಡುವುದು ನಿಂತದ್ದರಿಂದ ನೋವು ಹೋಗುತ್ತದೆ. ಆ ಗಂಟು ನಿಜವಾದ ಎಲುಬಾಗಿ ಗಟ್ಟಿಯಾಗಲು ದೊಡ್ಡವರಿಗೆ 6ರಿಂದ 12 ವಾರ ಬೇಕು. ನಿಮ್ಮ ಮಗನ ಗೋಡೆ ಈಗ ಹಸಿ. ನೋವು ಹೋಗಿದೆ ಅನ್ನುವುದು ಒಳ್ಳೆಯ ಸುದ್ದಿಯೇ, ಅದು ರೇಸಿನ ಪರವಾನಗಿ ಅಲ್ಲ.

ನಾಲ್ಕು ವಾರ ಅಂದರೆ ಬಿದ್ದು ಏಳನೇ ವಾರ. ನಾನು ಮತ್ತೆ ಮುರಿದುಕೊಂಡ ವಾರವೇ. ಆ ರೇಸ್ ಬಿಟ್ಟುಬಿಡಲಿ. ಸಾಮಾನ್ಯವಾಗಿ 12 ವಾರದ ಸುಮಾರಿಗೆ, ಎಕ್ಸ್‌ರೇಯಲ್ಲಿ ಎಲುಬು ಕೂಡಿದ್ದು ಕಂಡು, ಡಾಕ್ಟರ್ ಹೂಂ ಅಂದ ಮೇಲೆ ಬೈಕ್. ಪ್ಲೇಟು ಸ್ಕ್ರೂ ಹಾಕಿಸಿಕೊಂಡಿದ್ದರೆ ಬೇಗ ಹೋಗಬಹುದಿತ್ತಲ್ಲ ಅಂತ ಅವನು ಕೇಳಿಯೇ ಕೇಳುತ್ತಾನೆ. ತುದಿಗಳು ಬಹಳ ದೂರ ಸರಿದಿದ್ದರೆ ಪ್ಲೇಟು ಹಾಕುತ್ತಾರೆ. ಪ್ಲೇಟು ಎಲುಬನ್ನು ಹಿಡಿದಿಡುತ್ತದೆ. ಬೇಗ ಬೆಳೆಸುವುದಿಲ್ಲ.

ಮಾವನವರ ಮಾತಿಗೆ ಬರೋಣ. ಪಟ್ಟಿ ಕಟ್ಟುವವರನ್ನು ನಾನು ಹೀಯಾಳಿಸುವುದಿಲ್ಲ. ನಮ್ಮ ಗರಡಿಯಲ್ಲಿ ಸರಿದ ಬೆರಳನ್ನು ಕಣ್ಣು ಮಿಟುಕಿಸುವುದರಲ್ಲಿ ಕೂರಿಸುವ ಹಿರಿಯರೊಬ್ಬರಿದ್ದರು. ಆದರೆ ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಸುತ್ತಿದ ಪಟ್ಟಿಯಿಂದ ಕೈಗೆ ರಕ್ತ ನಿಂತು ಬೆರಳು ಕಳೆದುಕೊಳ್ಳುವ ಹಂತಕ್ಕೆ ಹೋದವನನ್ನೂ ನೋಡಿದ್ದೇನೆ. ಕಾಲರ್ ಬೋನಿಗಂತೂ ಕಂಕುಳಲ್ಲಿ ಬಿಗಿ ಪಟ್ಟಿ ಹೋದರೆ ಅಲ್ಲಿರುವ ನರ ಒತ್ತುತ್ತದೆ. ದವಾಖಾನೆಯ ಜೋಲಿಯೇ ಇರಲಿ. ಮಾವನವರಿಗೆ ಇದನ್ನು ಹೇಗೆ ಹೇಳುವುದು ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಯಾವ ಪಟ್ಟಿಯೇ ಇರಲಿ, ಬೆರಳು ಊದಿ ನೀಲಿಯಾದರೆ, ಜೋಮು ಹಿಡಿದರೆ, ಬೆರಳು ಚಾಚಿದಾಗ ಜೀವ ಹೋಗುವಷ್ಟು ನೋವಾದರೆ ಬೆಳಗಾಗುವವರೆಗೆ ಕಾಯಬೇಡಿ. ಆಗಲೇ ಬಿಚ್ಚಿಸಿ ದವಾಖಾನೆಗೆ ಹೋಗಿ.

ಅಲ್ಲಿಯವರೆಗೆ ಹುಡುಗನನ್ನು ಸುಮ್ನೆ ಕೂರಿಸಬೇಡಿ. ಕೂತರೆ ರೇಸಿನ ವಿಡಿಯೊ ನೋಡಿ ತಲೆ ಕೆಡಿಸಿಕೊಳ್ಳುತ್ತಾನೆ. ಕಾಲು ಮುರಿದಿಲ್ಲವಲ್ಲ! ಕುರ್ಚಿಯಿಂದ ಒಂದೇ ಕಾಲಲ್ಲಿ ಎದ್ದು ಕೂರುವುದು, ಮೆಟ್ಟಿಲು ಹತ್ತುವುದು, ಜಿಮ್ ಇದ್ದರೆ ನಿಂತಲ್ಲೇ ತುಳಿಯುವ ಸೈಕಲ್. ಎಡಗೈಯ ಬೆರಳು, ಮಣಿಕಟ್ಟು, ಮೊಣಕೈ ದಿನಾ ಆಡಿಸಬೇಕು. ಬಲಗೈಗೆ ಭಾರ ಎತ್ತಿಸಿ. ಇದು ತಮಾಷೆಯಲ್ಲ, ಒಂದು ಕೈಗೆ ವ್ಯಾಯಾಮ ಕೊಟ್ಟರೆ ಕಟ್ಟಿಟ್ಟ ಇನ್ನೊಂದು ಕೈಯ ಬಲವೂ ಅಷ್ಟು ಬೇಗ ಇಳಿಯುವುದಿಲ್ಲ. ನರಗಳ ಮೂಲಕ ನಡೆಯುವ ವ್ಯವಹಾರ ಅದು. ಡಾಕ್ಟರ್ ಹೇಳುವವರೆಗೆ ಎಡಗೈ ಭುಜದ ಮಟ್ಟಕ್ಕಿಂತ ಮೇಲೆ ಹೋಗಕೂಡದು. ಆರನೇ ವಾರದ ಎಕ್ಸ್‌ರೇ ಚೆನ್ನಾಗಿದ್ದರೆ ಗೋಡೆಗೆ ಕೈ ಕೊಟ್ಟು ದಂಡ, ಆಮೇಲೆ ಮೇಜಿಗೆ, ಆಮೇಲೆ ನೆಲಕ್ಕೆ. ನೆಲದ ಮೇಲೆ 20 ದಂಡ ಹೊಡೆದು, ರಾಡಿಗೆ ಅರ್ಧ ನಿಮಿಷ ಜೋತುಬಿದ್ದು, ಎರಡೂ ಭುಜ ಒಂದೇ ಥರ ಅನ್ನಿಸಿದರೆ ಸಪಾಟು ನೆಲದಲ್ಲಿ ಓಡಿಸಲಿ. ಜಂಪ್ ಎಲ್ಲಕ್ಕಿಂತ ಕೊನೆಗೆ.

ಇನ್ನೊಂದು. ಮಗ ಪ್ರಾಕ್ಟೀಸಿಗೆ ಕಪ್ಪತಗುಡ್ಡ ಹತ್ತುತ್ತಾನೆ ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಅದು 2019ರಿಂದ ವನ್ಯಜೀವಿಧಾಮ. ಕೈ ಸರಿಯಾದ ಮೇಲೂ ಅಲ್ಲಿಗೆ ಬೇಡ. ಯಾರದಾದರೂ ಬೀಳುಬಿಟ್ಟ ಹೊಲ ಕೇಳಿಕೊಳ್ಳಲಿ.

ಒಂದೂವರೆ ತಿಂಗಳ ಹಿಂದೆ ಕೈ ಊರಿ ಬಿದ್ದೆ. ಎಕ್ಸ್‌ರೇ ನಾರ್ಮಲ್. ಉಳುಕು ಅಂದರು. ಇನ್ನೂ ಥ್ರಾಟಲ್ ತಿರುಗಿಸಿದರೆ ಹೆಬ್ಬೆರಳಿನ ಬುಡದಲ್ಲಿ ನೋವು. — ನವಲಗುಂದ

ಹೆಬ್ಬೆರಳನ್ನು ಮೇಲಕ್ಕೆ ಎತ್ತು. ಅದರ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಎರಡು ನರದಂಥ ಎಳೆಗಳ ನಡುವೆ ಒಂದು ಗುಳಿ ಬೀಳುತ್ತದೆ. ನಮ್ಮ ಅಜ್ಜಿ ಅಲ್ಲಿಯೇ ಚಿಟಿಕೆ ತಪಕೀರು ಇಟ್ಟುಕೊಂಡು ಮೂಗಿಗೇರಿಸುತ್ತಿದ್ದಳು. ಆ ಗುಳಿಯನ್ನು ಒತ್ತಿ ನೋಡು. ಚುಳ್ ಅಂದರೆ ಇದು ಬರೀ ಉಳುಕು ಅಂತ ಬಿಡುವ ವಿಷಯವಲ್ಲ. ಅಲ್ಲಿ ಸ್ಕೇಫಾಯ್ಡ್ ಅನ್ನುವ ಗೋಡಂಬಿಯಷ್ಟು ಎಲುಬಿದೆ. ಅದು ಸೀಳಿದ್ದರೂ ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಅದಕ್ಕೇ ಅನುಮಾನ ಇದ್ದರೆ ಕೈ ಕಟ್ಟಿ, 10ರಿಂದ 14 ದಿನಕ್ಕೆ ಮತ್ತೆ ತೆಗೆಸುತ್ತಾರೆ, ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ.

ನೀನು ನವಲಗುಂದದವನು, ಕಾಲುವೆಯ ಕಥೆ ನಿನಗೆ ಬಿಡಿಸಿ ಹೇಳಬೇಕಿಲ್ಲ. ಮಲಪ್ರಭೆ ಕಾಲುವೆಗೆ ನಡುವೆ ಎಲ್ಲಾದರೂ ಅಡ್ಡಿಯಾದರೆ ಕೊನೆಯ ಹೊಲಕ್ಕೆ ನೀರಿಲ್ಲ, ಅಲ್ವಾ? ಈ ಎಲುಬಿಗೆ ರಕ್ತ ಬೆರಳಿನ ಕಡೆಯಿಂದ ಹೊಕ್ಕು ಹಿಂದಕ್ಕೆ, ಮಣಿಕಟ್ಟಿನ ಕಡೆಗೆ ಹರಿಯುತ್ತದೆ. ನಡುವೆ ಸೀಳಿದರೆ ಹಿಂದಿನ ತುಂಡು ಆ ಕೊನೆಯ ಹೊಲ. ಅದು ಒಣಗಿ ಸಾಯಬಹುದು. ಹಾಗೇ ಬಿಟ್ಟರೆ ವರ್ಷಗಳು ಕಳೆದ ಹಾಗೆ ಮಣಿಕಟ್ಟು ಸವೆದು, ಚಹಾದ ಕಪ್ಪು ಎತ್ತಲೂ ಕಷ್ಟ. ಈ ವಾರವೇ ಕೈಯ ಡಾಕ್ಟರಿಗೆ ತೋರಿಸು. ಪ್ಲಾಸ್ಟರ್ ಹಾಕಿದರೆ ಎರಡು ಮೂರು ತಿಂಗಳು ಹೋಗಬಹುದು, ಕೆಲವಕ್ಕೆ ಸ್ಕ್ರೂ ಬೇಕಾಗುತ್ತದೆ. ಅಲ್ಲಿಯವರೆಗೆ ಥ್ರಾಟಲ್ ಮುಟ್ಟಬೇಡ, ತಿಕ್ಕಿಸಿಕೊಳ್ಳಲೂ ಹೋಗಬೇಡ.

ಜಿಮ್‌ಗೆ ಹೋಗಲು ದುಡ್ಡೂ ಇಲ್ಲ, ಹೊತ್ತೂ ಇಲ್ಲ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ರಾತ್ರಿ ಒಂಬತ್ತರವರೆಗೆ ಕೆಲಸ. ಮನೆಯಲ್ಲೇ ಏನಾದರೂ ಮಾಡಬಹುದಾ? — 24 ವರ್ಷದ ಮೆಕ್ಯಾನಿಕ್

ನನ್ನ ಹೊಟ್ಟೆಯ ಮೇಲೆ ಹೊಡೆಯುವ ಪ್ರಶ್ನೆ ಇದು! ಆದರೂ ಹೇಳುತ್ತೇನೆ. ಆಗುತ್ತದೆ. ಅಪ್ಪ ರಾಡು ಮುಟ್ಟಿದವರಲ್ಲ. ದಂಡ, ಬೈಠಕ್, ಗದೆ, ಜಾತ್ರೆಯಲ್ಲಿ ಎತ್ತುವ ಸಂಗ್ರಾಣಿ ಕಲ್ಲು. ಅಷ್ಟರಲ್ಲೇ ಆಳು ಗಟ್ಟಿ ಇದ್ದರು.

ಒಂದು ಮಾತು ಮಾತ್ರ ನೆನಪಿಡು. 500 ಬೈಠಕ್ ಹೊಡೆದರೆ ದಮ್ಮು ಬರುತ್ತದೆ, ಬಲ ಬರಲು ಭಾರ ಏರಬೇಕು. ಗೊಬ್ಬರದ ಖಾಲಿ ಚೀಲಕ್ಕೆ 20 ಕೆ.ಜಿ. ಮರಳು ತುಂಬಿ ಬಾಯಿ ಹೊಲಿ. ಅದನ್ನು ಎದೆಗೆ ಅವಚಿಕೊಂಡು ಬೈಠಕ್, ಹತ್ತು ಹತ್ತರ ಮೂರು ಸುತ್ತು. ಎರಡು ವಾರಕ್ಕೊಮ್ಮೆ ಎರಡು ಕೆ.ಜಿ. ಸುರಿ. ಎರಡು ಕೈಯಲ್ಲಿ 20 ಲೀಟರಿನ ನೀರಿನ ಕ್ಯಾನು ಹಿಡಿದು ಗಲ್ಲಿಯ ಈ ತುದಿಯಿಂದ ಆ ತುದಿಗೆ ನಡೆ. ಹಿಡಿತಕ್ಕೆ ಇದಕ್ಕಿಂತ ಒಳ್ಳೆಯದು ನನ್ನ ಜಿಮ್‌ನಲ್ಲೂ ಇಲ್ಲ. ಗ್ಯಾರೇಜಿನಲ್ಲಿ ಹಳೇ ಟ್ಯೂಬ್ ಬೇಕಾದಷ್ಟಿರುತ್ತವೆ. ಕಂಬಕ್ಕೆ ಕಟ್ಟಿ ಎದೆಯ ಕಡೆ ಎಳಿ.

ಕುತ್ತಿಗೆ ಮರೆಯಬೇಡ. ಹೆಲ್ಮೆಟ್ ಒಂದು ಕೆ.ಜಿ.ಗೂ ಜಾಸ್ತಿ ತೂಗುತ್ತದೆ, ಜಂಪ್‌ನಿಂದ ಇಳಿದಾಗ ಆ ಭಾರ ಎಷ್ಟೋ ಪಟ್ಟಾಗಿ ಎಳೆಯುತ್ತದೆ. ಅಂಗೈಯನ್ನು ಹಣೆಗೆ ಕೊಟ್ಟು ತಲೆಯಿಂದ ಒತ್ತು, ತಲೆ ಅಲುಗಬಾರದು. ಹತ್ತು ಸೆಕೆಂಡ್. ಹಾಗೇ ಹಿಂದೆ, ಎಡಕ್ಕೆ, ಬಲಕ್ಕೆ. ಪೈಲ್ವಾನರು ತಲೆ ನೆಲಕ್ಕೂರಿ ಕಮಾನಿನ ಹಾಗೆ ಬಾಗುತ್ತಾರಲ್ಲ, ಅದು ನಿನಗೆ ಬೇಡ. ಅದಕ್ಕೆ ಚಿಕ್ಕಂದಿನಿಂದ ಪಳಗಿದ ಕುತ್ತಿಗೆ ಬೇಕು.

ರಾತ್ರಿ ಒಂಬತ್ತಕ್ಕೆ ಕೆಲಸ ಬಿಟ್ಟವನು ಹತ್ತಕ್ಕೆ ಚೀಲ ಎತ್ತಬೇಡ. ಉಂಡು ಮಲಗು. ಬೆಳಿಗ್ಗೆ ಅರ್ಧ ಗಂಟೆ, ವಾರಕ್ಕೆ ಮೂರು ದಿನ.

ನಾವು ಮೊಟ್ಟೆ, ಮಾಂಸ ತಿನ್ನುವವರಲ್ಲ. ಪ್ರೋಟೀನ್ ಪೌಡರ್ ಇಲ್ಲದೆ ಆಗುತ್ತದಾ? ತೂಕ 60 ಕೆ.ಜಿ. — ಗದಗ

ಭಾರ ಎತ್ತುವವರಿಗೆ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 1.6 ಗ್ರಾಂ ಪ್ರೋಟೀನ್ ಅನ್ನುವುದು ಈಗಿನ ಲೆಕ್ಕ. ನಿನಗೆ 96 ಗ್ರಾಂ. ಅರ್ಧ ಲೀಟರ್ ಹಾಲಿನಲ್ಲಿ 16. ದಿನದ ನಾಲ್ಕು ಜೋಳದ ರೊಟ್ಟಿಯಲ್ಲಿ, ಹಿಟ್ಟು 200 ಗ್ರಾಂ ಹಿಡಿದರೆ, 20ರ ಸುಮಾರು. ಹೆಸರುಕಾಳು, ಮಡಿಕೆಕಾಳು, ಬೇಳೆ ಎಲ್ಲ ಸೇರಿ ಹಸಿ ತೂಕ 100 ಗ್ರಾಂ ಆದರೆ 23. ಒಂದು ಹಿಡಿ ಶೇಂಗಾ, ಅಂದರೆ 50 ಗ್ರಾಂ, 12. ದೊಡ್ಡ ಬಟ್ಟಲು ಮೊಸರು 7. ಒಟ್ಟು 78. ಉಳಿದ 18ಕ್ಕೆ 100 ಗ್ರಾಂ ಪನೀರ್. ಮುಗಿಯಿತು. ಪನೀರ್ ದುಬಾರಿ ಅನ್ನಿಸಿದರೆ ಕಾಳು, ಹಾಲು ಏರಿಸು. ಪೌಡರ್ ತಪ್ಪಲ್ಲ, ಅದೂ ಹಾಲಿನದೇ. ಅನುಕೂಲಕ್ಕೆ ಕೊಡುವ ದುಡ್ಡು ಅಷ್ಟೇ.

ಪತ್ರದ ಮೂಲೆಯಲ್ಲಿ ಕೆಂಪು ಕಲೆ ಇದೆ. ಗುಟ್ಕಾದ್ದು ಅಂತ ನನ್ನ ಅನುಮಾನ. ತಂಬಾಕು ರಕ್ತನಾಳವನ್ನು ಕುಗ್ಗಿಸುತ್ತದೆ, ಮುರಿದ ಎಲುಬು ಕೂಡುವುದನ್ನು ತಡ ಮಾಡುತ್ತದೆ. ಪೌಡರಿನ ಬಗ್ಗೆ ಕೇಳುವ ಮೊದಲು ಅದನ್ನು ಉಗುಳು.

ಬಿದ್ದ ಮೇಲೆ ಎದ್ದು ರೇಸ್ ಮುಗಿಸಿದೆ. ಎಷ್ಟನೇ ಲ್ಯಾಪಿನಲ್ಲಿ ಬಿದ್ದೆ ಅನ್ನುವುದೇ ನೆನಪಿಲ್ಲ. ಹೆಲ್ಮೆಟ್‌ಗೆ ಏನೂ ಆಗಿಲ್ಲ. ಮುಂದಿನ ಭಾನುವಾರ ಓಡಿಸಬಹುದಾ? — ರಾಣೆಬೆನ್ನೂರು

ಬೇಡ. ಇವತ್ತೇ ಡಾಕ್ಟರನ್ನು ನೋಡು.

ನೆನಪು ಹೋಗಿದೆ ಅಂದರೆ ಮಿದುಳು ಅಲುಗಿದೆ. ಇದಕ್ಕೆ ಪ್ರಜ್ಞೆ ತಪ್ಪಲೇಬೇಕು ಅಂತಿಲ್ಲ. ತಲೆಗೆ ಏಟು ಬಿದ್ದ ಅನುಮಾನ ಇದ್ದವನು ಅದೇ ದಿನ ಮತ್ತೆ ಬೈಕ್ ಹತ್ತಬಾರದು, ನೀನು ಹತ್ತಿದ್ದೇ ತಪ್ಪು. ಮೊದಲ ಒಂದೆರಡು ದಿನ ಆರಾಮ, ಮೊಬೈಲ್ ಕಮ್ಮಿ. ಆಮೇಲೆ ನಡಿಗೆ, ಸೈಕಲ್, ಹಗುರ ವ್ಯಾಯಾಮ, ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ. ತಲೆನೋವು ಏರಿದರೆ ಒಂದು ಮೆಟ್ಟಿಲು ಕೆಳಗೆ. ಬೈಕ್ ಕೊನೆಯ ಮೆಟ್ಟಿಲು, ಅದೂ ಡಾಕ್ಟರ್ ಹೇಳಿದ ಮೇಲೆ. ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ಮಾತು ತೊದಲುವುದು, ಮಂಪರು, ಇವುಗಳಲ್ಲಿ ಒಂದು ಕಂಡರೂ ನೇರ ತುರ್ತು ವಿಭಾಗಕ್ಕೆ.

ಹೆಲ್ಮೆಟ್‌ಗೆ ಏನೂ ಆಗಿಲ್ಲ ಅಂತ ಹೊರಗಿನ ಬಣ್ಣ ನೋಡಿ ಹೇಳಬೇಡ. ಒಳಗಿನ ಥರ್ಮೋಕೋಲ್‌ನಂಥ ಪದರ ಒಂದು ಸಲ ಅಮುಕಿದರೆ ವಾಪಸ್ ಏಳುವುದಿಲ್ಲ. ಎರಡನೇ ಏಟು ತಡೆಯುವ ಶಕ್ತಿ ಅದಕ್ಕಿಲ್ಲ. ಹೊಸದು ತೊಗೋ. ಬೆಂಗಳೂರಿನ ಸಿ.ಎಸ್. ಸಂತೋಷ್ ಮೋಟೊಕ್ರಾಸ್‌ನಿಂದ ಬೆಳೆದವರು, 2015ರಲ್ಲಿ ಹಲವು ದಿನ ನಡೆಯುವ ಕಠಿಣ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಅಂಥವರೂ 2021ರ ಡಕಾರ್‌ನಲ್ಲಿ ಬಿದ್ದು ತಲೆಗೆ ಏಟಾಗಿ, ರಿಯಾದ್‌ನ ಆಸ್ಪತ್ರೆಯಲ್ಲಿ ಔಷಧ ಕೊಟ್ಟು ಕೋಮಾದಲ್ಲಿ ಇಡಬೇಕಾಯಿತು. ಅವರಿಗಿಂತ ನಮ್ಮ ತಲೆ ಗಟ್ಟಿಯೇನಲ್ಲ.

ಮೊಣಕಾಲಿನೊಳಗಿನ ಕಟ್ಟು ಹರಿದು ಎಸಿಎಲ್ ಆಪರೇಷನ್ ಆಗಿ ಆರು ತಿಂಗಳು. ನಡೆಯುತ್ತೇನೆ, ಓಡುತ್ತೇನೆ. ಮೊಣಕಾಲಿಗೆ ಆಸರೆಯ ಬ್ರೇಸ್ ಹಾಕಿಕೊಂಡು ಶುರು ಮಾಡಲಾ? — ಧಾರವಾಡ

ಇನ್ನೂ ಮೂರು ತಿಂಗಳು ತಡಿ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಒಂದೊಂದು ತಿಂಗಳು ತಡೆದಷ್ಟೂ ಮೊಣಕಾಲಿಗೆ ಮತ್ತೆ ಪೆಟ್ಟಾಗುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಬಿಟ್ಟಿಯಾಗಿ ಸಿಗುವ ಇಂಥ ಲಾಭ ಬೇರೆ ಎಲ್ಲೂ ಇಲ್ಲ. ಅದರ ಜೊತೆಗೆ ಆಪರೇಷನ್ ಆದ ಕಾಲಿನ ಮುಂದೊಡೆಗೆ ಇನ್ನೊಂದರ 90 ಶೇಕಡಾ ಬಲವಾದರೂ ಬಂದಿರಬೇಕು. ಫಿಸಿಯೊ ಹತ್ತಿರ ಅಳೆಸಿಕೊ. ಟೇಪು ಹಿಡಿದು ತೊಡೆಯ ಸುತ್ತಳತೆ ನೋಡುವುದು ಅಳತೆಯಲ್ಲ.

ನೀನು ಓಡುವುದು ನೇರ. ಮೋಟೊಕ್ರಾಸ್‌ನಲ್ಲಿ ಮೂಲೆ ಬಂದಾಗ ಒಳಗಿನ ಕಾಲು ಚಾಚುತ್ತೀಯ. ಎರೆಮಣ್ಣಿನಲ್ಲಿ ಚಕ್ಕಡಿ ಜಾಡಿನಂಥ ಆಳದ ಗೆರೆ ಬಿದ್ದಿರುತ್ತದೆ. ಬೂಟು ಅದರಲ್ಲಿ ಸಿಕ್ಕಿತು ಅನ್ನು. ಕಾಲು ಅಲ್ಲೇ ನಿಲ್ಲುತ್ತದೆ, ಬೈಕು ಮುಂದೆ ಹೋಗುತ್ತದೆ, ನಡುವೆ ಮೊಣಕಾಲು ತಿರುಚುತ್ತದೆ. ಬ್ರೇಸ್ ಮೊಣಕಾಲನ್ನು ಸ್ವಲ್ಪ ಕಾಪಾಡಬಹುದು, ತೊಡೆಯ ಕೆಲಸ ಅದು ಮಾಡುವುದಿಲ್ಲ. ತಿರುಗಿ ಶುರು ಮಾಡಿದಾಗ ಕಾಲನ್ನು ಪಕ್ಕಕ್ಕಲ್ಲ, ಮುಂದಕ್ಕೆ, ಮುಂದಿನ ಗಾಲಿಯ ಕಡೆ ಚಾಚುವುದನ್ನು ಕಲಿ.

ನನಗೆ 19. ಬೈಕ್ ಅಂದರೆ ಹುಚ್ಚು. ಹುಡುಗಿಯರಿಗೆ ಮೈಬಲ ಸಾಲಲ್ಲ ಅಂತ ಅಣ್ಣ ನಗುತ್ತಾನೆ. — ಹುಬ್ಬಳ್ಳಿ

ತಂಗಿ, ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ಅನ್ನುವ ಬೈಕ್ ರ‍್ಯಾಲಿಗಳ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದದ್ದನ್ನು ಅಣ್ಣನಿಗೆ ಹೇಳು. ಆಮೇಲೆ ಅವನನ್ನೂ ಬೈಕಿನ ಪೆಗ್ ಮೇಲೆ ಕೈ ಬಿಟ್ಟು ನಿಲ್ಲಿಸು, ನೀನೂ ನಿಲ್ಲು. ಗಡಿಯಾರ ನಿನ್ನ ಕೈಯಲ್ಲಿರಲಿ. ಮಲಗಿಸಿದ ಬೈಕನ್ನು ಒಬ್ಬಳೇ ಎತ್ತುವುದನ್ನು ಮೊದಲ ವಾರವೇ ಕಲಿ. ಬೆನ್ನು ಬಗ್ಗಿಸಬೇಡ. ಸೀಟಿಗೆ ಬೆನ್ನು ಕೊಟ್ಟು ಕೂತು, ಒಂದು ಕೈ ಹ್ಯಾಂಡಲ್‌ಗೆ, ಇನ್ನೊಂದು ಹಿಂದಿನ ಫ್ರೇಮಿಗೆ, ಕಾಲಿನಿಂದ ಹಿಂದಕ್ಕೆ ತಳ್ಳುತ್ತಾ ಏಳು. ಹೀರೊ ಎಕ್ಸ್‌ಪಲ್ಸ್‌ನಂಥ ಗಾಡಿ 150 ಕೆ.ಜಿ.ಗೂ ಜಾಸ್ತಿ. ಅಣ್ಣ ಅದನ್ನು ಹೇಗೆ ಎತ್ತುತ್ತಾನೆ ಅನ್ನುವುದನ್ನೂ ನೋಡಿ ನನಗೆ ಬರೆ.

ಕಾಕಾ, ಇಷ್ಟೆಲ್ಲ ಹೇಳುತ್ತೀರಿ. ನೀವು ಈಗಲೂ ಓಡಿಸುತ್ತೀರಾ? — ಹೆಸರಿಲ್ಲದ ಕಾರ್ಡು

ಅಕ್ಷರ ನನ್ನ ಮಗಳದು ಅನ್ನಿಸುತ್ತದೆ. ಓಡಿಸುತ್ತೇನೆ. ಭಾನುವಾರ ಬೆಳಿಗ್ಗೆ, ಬಿಸಿಲೇರುವ ಮೊದಲು, ಗೆಳೆಯನ ಹೊಲದಲ್ಲಿ, ಅದೇ ಹಳೇ ಆರ್‌ಎಕ್ಸ್. ಎಡ ಭುಜದ ಮೇಲೆ ಎರಡು ಸಲ ಕೂಡಿದ ಎಲುಬಿನ ಗಂಟು ಈಗಲೂ ಕೈಗೆ ಹತ್ತುತ್ತದೆ, ಬ್ಯಾಗಿನ ಪಟ್ಟಿ ಅಲ್ಲಿ ಕೂರುವುದಿಲ್ಲ. ಜಂಪ್ ಬಿಟ್ಟು ಬಹಳ ವರ್ಷವಾಯಿತು. ಹೊಲದ ನಡುವೆ ಒಂದು ಬದು ಇದೆ. ಅದು ಮೊಣಕಾಲೆತ್ತರ, ಲೆಕ್ಕಕ್ಕಿಲ್ಲ. ಮನೆಯಲ್ಲಿ ಹೇಳಬೇಡಿ.